ಸಣ್ಣತಾಯಮ್ಮನ ಎರಡೆಳೆ ಸರ

ಕಳುವಾದ ಒಂಬತ್ತು ದಿನದೊಳಗೆ ಯಾರ ಮನೆಗೂ ಸಮಾಧಾನ ಹೇಳಲು ಹೋಗಬಾರದು ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಮೊದಲ ಮೂರು ದಿನ ಸಿಟ್ಟಿರುತ್ತದೆ, ಆಗ ಹೋದವರಿಗೆ ಬೈಗುಳವೇ ಗತಿ. ಆಮೇಲೆ ಮೂರು ದಿನ ಮನೆ ತುಂಬ ನೆಂಟರು. ಅದರ ಮೇಲಿನ ಮೂರು ದಿನ ಕಳೆದುಕೊಂಡವಳು ತನ್ನನ್ನು ತಾನೇ ಶಪಿಸಿಕೊಳ್ಳುತ್ತಿರುತ್ತಾಳೆ, ಹಾಕಿಕೊಂಡು ಹೋದದ್ದೇ ತಪ್ಪಾಯಿತು ಎಂದು. ಒಂಬತ್ತು ಕಳೆದ ಮೇಲೆ ಮನೆ ಖಾಲಿಯಾಗುತ್ತದೆ, ಕತ್ತು ಮಾತ್ರ ನೋಯುತ್ತಿರುತ್ತದೆ. ಆಗ ಹೋಗಬೇಕು. ಬರಿಗೈಯಲ್ಲಿ ಹೋಗಬಾರದು, ಸೆರಗಿನಲ್ಲಿ ಒಂದು ಹಿಡಿ ಕರಿಬೇವಾದರೂ ಇರಬೇಕು. ಇಷ್ಟನ್ನು ಅತ್ತೆ ನಾನು ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ, ಸಾರಿಗೆ ಒಗ್ಗರಣೆ ಹಾಕುವುದನ್ನು ಹೇಳಿಕೊಟ್ಟಷ್ಟೇ ನಿಧಾನವಾಗಿ ಹೇಳಿಕೊಟ್ಟರು.

ನಮ್ಮೂರಿನಲ್ಲಿ ಕದ್ದ ಚಿನ್ನಕ್ಕೆ ತೂಕವಿಲ್ಲ. ಸರ ಕಳ್ಳನ ಕೈಗೆ ಬರುತ್ತದೆ, ಅದರ ಭಾರ ಕಳೆದುಕೊಂಡವಳ ಕತ್ತಿನಲ್ಲೇ ಉಳಿಯುತ್ತದೆ. ಸ್ನಾನಕ್ಕೆ ಹೋಗಲಿ, ಮಲಗಲಿ, ಅದನ್ನು ತೆಗೆದಿಡುವ ಹಾಗಿಲ್ಲ. ಅವಳು ಮನಸ್ಸಿನಿಂದ ಅದರ ಆಸೆ ಬಿಟ್ಟ ಗಳಿಗೆಯಲ್ಲೇ ಭಾರ ಅವಳ ಮೈಯಿಂದ ಇಳಿದು ಸರಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದನ್ನು ತಕ್ಕಡಿಗೆ ಹಾಕಿದರೆ ತಟ್ಟೆ ಅಲುಗುವುದಿಲ್ಲ, ತಟ್ಟೆ ಅಲುಗದ ಚಿನ್ನವನ್ನು ಯಾವ ಆಚಾರಿಯೂ ಮುಟ್ಟುವುದಿಲ್ಲ. ಆದ್ದರಿಂದ ಈ ಕಸುಬಿನ ಮನೆಯಲ್ಲಿ ಕದಿಯುವವರು ಒಬ್ಬರಿದ್ದರೆ ಸಾಲದು, ಸಮಾಧಾನ ಹೇಳುವವರೂ ಒಬ್ಬರು ಬೇಕು. ನಮ್ಮ ಮನೆಯಲ್ಲಿ ಕದಿಯುವವರು ನಮ್ಮ ಯಜಮಾನರು ಲಿಂಗಣ್ಣ, ಸಮಾಧಾನ ಹೇಳುವವಳು ನಾನು, ವನಜಾಕ್ಷಿ.

ಊರಿನವರು ಇದಕ್ಕೆ ಯಾವತ್ತೋ ಹೊಂದಿಕೊಂಡಿದ್ದರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿಯ ಬೋರ್ಡಿನ ಪಕ್ಕದಲ್ಲೇ ‘ಒಡವೆ ಕಳೆದುಕೊಂಡವರು ಆಸೆ ಬಿಡಬಾರದು’ ಎಂದು ಆಡಳಿತ ಮಂಡಳಿಯವರು ಇನ್ನೊಂದು ಬೋರ್ಡು ಹಾಕಿದ್ದರು. ಠಾಣೆಯ ರೈಟರು ದೂರು ಕೊಟ್ಟವರನ್ನು ಪ್ರತಿ ಸೋಮವಾರ ಕರೆಸಿ, “ಇನ್ನೂ ಭಾರ ಐತಾ?” ಎಂದು ಕೇಳುತ್ತಿದ್ದರು. ಐತೆ ಎಂದರೆ ಫೈಲು ಮೇಜಿನ ಮೇಲೆ, ಇಲ್ಲ ಎಂದರೆ ಬೀರುವಿಗೆ. ಹಬ್ಬ ಮುಗಿದ ವಾರ ಕತ್ತಿಗೆ ಎಣ್ಣೆ ತಿಕ್ಕುವವನಿಗೆ ಕೈ ತುಂಬ ಕೆಲಸ. ಹಾಲು ಉಕ್ಕಿ ಒಲೆಗೆ ಹೋದರೂ ಹೆಂಗಸರು ‘ಹೋಗಲಿ ಬಿಡು’ ಎನ್ನುತ್ತಿರಲಿಲ್ಲ, ಸಣ್ಣದನ್ನು ಬಿಟ್ಟು ಅಭ್ಯಾಸವಾದರೆ ದೊಡ್ಡದೂ ಬಿಟ್ಟುಹೋದೀತೆಂಬ ಭಯ.

ಇಷ್ಟೆಲ್ಲ ಗೊತ್ತಿದ್ದೂ ಹಬ್ಬಕ್ಕೆ ಒಡವೆ ಹಾಕಿಕೊಂಡು ಯಾಕೆ ಬರುತ್ತೀರಿ ಎಂದು ಪೊಲೀಸರು ಮೈಕಿನಲ್ಲಿ ಕೇಳುತ್ತಲೇ ಇರುತ್ತಾರೆ. ಅದು ಗಂಡಸರ ಪ್ರಶ್ನೆ. ದೇವರೇ ತನ್ನ ಪೆಟ್ಟಿಗೆಯ ಒಡವೆಯನ್ನೆಲ್ಲ ತೆಗೆಸಿ ಹಾಕಿಕೊಂಡು ನಿಲ್ಲುವ ದಿನ, ನೋಡಲು ಹೋಗುವವಳು ಬೋಳು ಕತ್ತಿನಲ್ಲಿ ಹೋಗಲು ಆಗುತ್ತದೆಯೇ? ವರ್ಷವೆಲ್ಲ ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿಕೊಂಡಿದ್ದ ಸರಕ್ಕೂ ಒಂದು ದಿನ ಬೆಳಕು ಬೇಡವೇ? ಆಮೇಲೆ ಪರದೆ ಸರಿಯುತ್ತದೆ, ಮಂಗಳಾರತಿ ಏಳುತ್ತದೆ, ಸಾವಿರ ಜನ ಒಟ್ಟಿಗೆ ಕೈಯೆತ್ತಿ ತಲೆಯ ಮೇಲೆ ಜೋಡಿಸಿ ಕಣ್ಣು ಮುಚ್ಚುತ್ತಾರೆ. ನಮ್ಮ ಯಜಮಾನರಿಗೆ ಅಷ್ಟು ಹೊತ್ತು ಸಾಕು. ಇಪ್ಪತ್ತು ವರ್ಷ ಬಿಡದೆ ಗರ್ಭಗುಡಿಯ ಎದುರು ನಿಂತರೂ ಅವರು ಒಮ್ಮೆಯೂ ಮಂಗಳಾರತಿ ನೋಡಿದವರಲ್ಲ.

ತಂದದ್ದನ್ನು ಒಳಕೋಣೆಯ ಮೊಳೆಗೆ ದಾರದಿಂದ ಕಟ್ಟುತ್ತಿದ್ದೆವು, ಕೆಳಗೊಂದು ಹಿತ್ತಾಳೆ ತಟ್ಟೆ ಇಡುತ್ತಿದ್ದೆವು. ಭಾರ ಬರುವವರೆಗೆ ಸರ ಮೇಲೆ ಕೆಳಗೆ ತೇಲಾಡುತ್ತಿರುತ್ತದೆ. ಭಾರ ಬಂದ ಕೂಡಲೇ ದಾರ ಹರಿದು ತಟ್ಟೆಗೆ ಬೀಳುತ್ತದೆ. ಮಾಲು ಮನೆಯಲ್ಲಿರುವಷ್ಟು ದಿನ ಫ್ಯಾನ್ ಹಾಕುವಂತಿಲ್ಲ. ಒಂದು ಬೇಸಿಗೆಯಲ್ಲಿ ಸೆಕೆ ತಡೆಯಲಾರದೆ ಹಾಕಿದ್ದಕ್ಕೆ ಗುಂಡಿನ ಸರವೊಂದು ಕಿಟಕಿಯಿಂದ ಹೊರಟು ಎದುರುಮನೆಯ ನುಗ್ಗೆಮರಕ್ಕೆ ಸಿಕ್ಕಿಕೊಂಡಿತು. ಸಾರಿಗೆ ಎರಡು ಕಾಯಿ ಬೇಕಿತ್ತು ಎಂದು ಹೇಳಿ ದೋಟಿ ಹಿಡಿದು ಹೋಗಿ ಇಳಿಸಿಕೊಂಡು ಬಂದೆ.

ನನ್ನ ಕೆಲಸವನ್ನು ನಾನು ಕಳ್ಳತನವೆಂದು ಎಣಿಸಿರಲಿಲ್ಲ. ಈಗಲೂ ಪೂರ್ತಿ ಎಣಿಸುವುದಿಲ್ಲ. ಇಳಿಸಲಾಗದ ಭಾರ ತೊಲವಾದರೂ ತಿಂಗಳಲ್ಲಿ ಸೇರಾಗುತ್ತದೆ. ನಾನು ಪಕ್ಕದಲ್ಲಿ ಕೂತು, ಅವರು ಅತ್ತಾಗ ಅತ್ತು, ಇನ್ನೂ ಹೆಚ್ಚು ಕಳೆದುಕೊಂಡ ಯಾರದೋ ಕಥೆ ಹೇಳಿ, ಮೆಲ್ಲಗೆ ಅವರನ್ನು ದಡಕ್ಕೆ ತರುತ್ತಿದ್ದೆ. ಭಾರ ಇಳಿದ ಗಳಿಗೆ ನನಗೆ ತಿಳಿಯುತ್ತಿತ್ತು. ಒಂದು ನಿಟ್ಟುಸಿರು, ಕತ್ತಿನ ಮೇಲೊಂದು ಕೈ, ಆಮೇಲೆ “ಒಂದು ಲೋಟ ಕಾಫಿ ಕುಡಿಯೋಣ ಕಣೆ.” ಆ ರಾತ್ರಿ ಅವರು ನಿದ್ದೆ ಮಾಡುತ್ತಿದ್ದರು. ಬೀದಿಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು ಮಾತಾಡಿಸುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದಲ್ಲ, ನಗುತ್ತಲೇ ಮಾತಾಡಿ ಬರುತ್ತಿದ್ದೆ.

ನಮಗಿದ್ದ ಭಯ ಒಂದೇ. ಕಳೆದುಕೊಂಡವಳು ಆಸೆ ಬಿಡದೆ ತೀರಿಕೊಂಡರೆ ಆ ಭಾರ ಕದ್ದವನ ಕತ್ತಿಗೆ ಬೀಳುತ್ತದೆ, ಅವನು ಸಾಯುವವರೆಗೆ ಇಳಿಯುವುದಿಲ್ಲ. ಕೆಳಗಿನ ಬೀದಿಯ ಚಿಕ್ಕೋನಯ್ಯನ ಮೇಲೆ ಹಾಗೆ ಮೂವರ ಭಾರವಿತ್ತು. ಅವನು ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡೇ ನಡೆಯುತ್ತಿದ್ದ, ಎದುರಿಗೆ ಬಂದವರನ್ನು ಚಪ್ಪಲಿಯಿಂದ ಗುರುತಿಸುತ್ತಿದ್ದ. ನಮ್ಮ ಯಜಮಾನರ ಕತ್ತು ನೆಟ್ಟಗಿದ್ದದ್ದು ನನ್ನಿಂದ, ಅದು ಅವರಿಗೂ ಗೊತ್ತಿತ್ತು.

ಆ ವರ್ಷದ ವೈಕುಂಠ ಏಕಾದಶಿಯಲ್ಲಿ ಅವರು ತಂದದ್ದು ಹಿಟ್ಟಿನ ಮಿಲ್ಲಿನ ಸಣ್ಣತಾಯಮ್ಮನ ಸರ. ಎರಡೆಳೆಯದು, ನಡುವೆ ಚಿಕ್ಕ ಮಾವಿನಕಾಯಿ ಪದಕ. ಸಣ್ಣತಾಯಮ್ಮನಿಗೆ ಐವತ್ತರ ಮೇಲೆ. ಗಂಡ ಹೋದ ಮೇಲೆ ಮಿಲ್ಲನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಮೂಟೆಯನ್ನು ಮೊಣಕಾಲಿನಿಂದ ಒದ್ದು ಎತ್ತುವವಳು, ಹುಬ್ಬು ರೆಪ್ಪೆಯೆಲ್ಲ ಸದಾ ಬೆಳ್ಳಗೆ. ಇಂಥ ಗಟ್ಟಿ ಹೆಂಗಸರು ಬೇಗ ಬಿಡುತ್ತಾರೆ ಎಂಬುದು ನನ್ನ ಅನುಭವ. ಮೂರು ಸಲ ಹೋದರೆ ಸಾಕೆಂದುಕೊಂಡು ಹತ್ತನೆಯ ದಿನ ಎರಡು ಸೇರು ರಾಗಿ ಹಿಡಿದು ಹೊರಟೆ.

“ಬಾ ವನಜಾ,” ಅಂದಳು. “ರಾಗಿ ಒಣಗ್ಸಿದ್ದೀಯ ತಾನೆ? ಹೋದ್ಸಲ ಹಸಿ ತಂದು ನನ್ನ ಕಲ್ಲು ಕೆಡಿಸ್ದೆ.”

ಕತ್ತು ಒಂದು ಕಡೆಗೆ ವಾಲಿತ್ತು. ನಾನು ಮಿಲ್ಲು ನಿಲ್ಲುವವರೆಗೆ ಕಾದು, ಮೂಟೆಯ ಮೇಲೆ ಅವಳ ಪಕ್ಕ ಕೂತು ಶುರುಮಾಡಿದೆ. “ವಿಷಯ ಕೇಳಿ ಹೊಟ್ಟೆ ಉರಿದೋಯ್ತು ಅಕ್ಕ. ನೆನೆಸ್ಕೊಂಡಷ್ಟೂ ಕತ್ತಿಗೇ ನೋವು. ಯಾರ ಋಣ ಎಲ್ಲಿತ್ತೋ ಏನೋ.”

“ನೋವೇನೋ ಐತೆ,” ಅಂದಳು. “ಇರ್ಲಿ.”

“ಇರ್ಲಿ ಅಂದ್ರೆ ಹೆಂಗಕ್ಕ? ಮೂಟೆ ಎತ್ತೋ ಮೈ ನಿಮ್ಮದು.”

“ಮೂಟೆ ಎತ್ತೋ ಮೈಗೆ ಎರಡೆಳೆ ಸರ ಭಾರನಾ?” ಎಂದು ನಕ್ಕು ಎದ್ದು ಇನ್ನೊಬ್ಬರ ಅಕ್ಕಿ ಹಾಕಲು ಹೋದಳು.

ಎರಡನೆಯ ಸಲವೂ ಹೀಗೇ ಆಯಿತು, ಮೂರನೆಯ ಸಲವೂ. ನಾಲ್ಕನೆಯ ಸಲ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಸಣ್ಣತಾಯಮ್ಮ ಹೊಸಲಿನ ಮೇಲೆ ಕೂತು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುತ್ತಿದ್ದವಳು ತಾನಾಗಿಯೇ ಹೇಳಿದಳು.

“ಆ ಸರ ನಂದಲ್ಲ ಕಣೆ. ನನ್ ಮಗಳು ಕಲಾಂದು. ಹದಿನೇಳಕ್ಕೆ ಮಾಡ್ಸಿದ್ದೆ, ಎರಡು ವರ್ಷ ಹಾಕ್ಕೊಂಡ್ಳು. ಕಾಮಾಲೆ ಬಂತು, ಹದಿನೈದು ದಿನ. ಅಷ್ಟೆ.” ಸೆರಗು ಕೊಡವಿ ಮಡಿಲಿಗೆ ಹಾಕಿಕೊಂಡಳು. “ಸಣ್ಣೋಳಿದ್ದಾಗ ನಾನು ಕಾಳು ಸುರೀತಿದ್ರೆ ಹಿಂದಿನಿಂದ ಬಂದು ಕತ್ತಿಗೆ ಜೋತು ಬೀಳೋಳು. ಬಿಡೇ ಅಂತ ಬೈತಿದ್ದೆ. ಸರ ಇದ್ದಷ್ಟು ದಿನ ಅದು ಬರೀ ಸರ ಆಗಿತ್ತು, ಮೈಗೆ ಒಗ್ಗೋಗಿತ್ತು, ಐತೆ ಅನ್ನೋದೇ ಮರ್ತೋಗಿತ್ತು. ಕದ್ದ ದಿನದಿಂದ ಗೊತ್ತಾಗ್ತಾ ಐತೆ. ಕಣ್ಣು ಮುಚ್ಚಿದ್ರೆ ಮಗಳು ಜೋತು ಬಿದ್ದಂಗೇ. ಈಗ ಇದನ್ನ ಬಿಡು ಅಂತೀಯಲ್ಲ, ಹೆಂಗೆ ಬಿಡ್ಲಿ ಹೇಳು.”

ಇದಕ್ಕೆ ಉತ್ತರ ನನ್ನ ಅತ್ತೆ ಹೇಳಿಕೊಟ್ಟಿರಲಿಲ್ಲ. ಅಳಬೇಕಾದ ಜಾಗ ಇದು ಎಂದು ಕಸುಬು ಹೇಳಿತು, ಆದರೆ ಕಣ್ಣೀರು ಬರಲಿಲ್ಲ. ಕರೆಂಟು ಬಂದಾಗ ಎದ್ದು ಮನೆಗೆ ಬಂದೆ, ಹಿಟ್ಟಿನ ಚೀಲ ಅಲ್ಲೇ ಮರೆತಿದ್ದೆ.

“ಇಳೀಲಿಲ್ವಾ?” ಎಂದು ಯಜಮಾನರು ಕೇಳಿದರು.

“ಇಳಿಯೋ ಭಾರ ಅಲ್ಲ ಅದು,” ಅಂದೆ.

“ನೀನು ಹಿಂಗಂದ್ರೆ ನಾನೇನು ಮಾಡ್ಲಿ? ಆಯಮ್ಮಂಗೆ ಎದೆನೋವು ಬೇರೆ ಐತಂತೆ.”

ಅದು ನಿಜವಾಗಿತ್ತು. ಹಿಂದಿನ ವರ್ಷವೇ ಒಮ್ಮೆ ಅವಳು ಎದೆ ಹಿಡಿದುಕೊಂಡು ಕೂತದ್ದನ್ನು ಊರೆಲ್ಲ ಮಾತಾಡಿತ್ತು. ನನಗೆ ಎರಡು ಕಡೆಯಿಂದ ಸಂಕಟ. ಅವಳು ಬಿಟ್ಟರೆ ಮಗಳು ಕತ್ತಿನಿಂದ ಇಳಿದುಹೋಗುತ್ತಾಳೆ, ಬಿಡದೆ ಸತ್ತರೆ ನನ್ನ ಗಂಡ ಚಿಕ್ಕೋನಯ್ಯನಾಗುತ್ತಾರೆ. ದಿನಾ ಹೋಗತೊಡಗಿದೆ. ಮೊದಮೊದಲು ಬಿಡಿಸಲೆಂದೇ ಹೋದೆ. ಆಮೇಲೆ ಯಾಕೆ ಹೋಗುತ್ತಿದ್ದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಕಲಾ ಒಂದು ಸಲ ಮೆಣಸಿನಪುಡಿ ಬೀಸಿದ ಕಲ್ಲಿಗೇ ಅಕ್ಕಿ ಹಾಕಿ ಊರಿಗೆಲ್ಲ ಖಾರದ ರೊಟ್ಟಿ ತಿನ್ನಿಸಿದ ಕಥೆಯನ್ನು ಸಣ್ಣತಾಯಮ್ಮ ನನಗೆ ಹತ್ತು ಸಲ ಹೇಳಿರಬಹುದು. ಹತ್ತು ಸಲವೂ ನನಗೆ ನಗು ಬಂತು. ರಾಗಿ ಮುಗಿದರೆ ಜೋಳ, ಜೋಳ ಮುಗಿದರೆ ಗೋಧಿ. “ಮನೇಲಿ ಡಬ್ಬ ಎಲ್ಲ ತುಂಬಿ ಹಿಟ್ಟು ನೆಲಕ್ಕೆ ಚೆಲ್ತಾ ಐತೆ, ಸರ ಮಾತ್ರ ಹಾರಾಡ್ತಾ ಐತೆ,” ಎಂದು ಯಜಮಾನರು ಗೊಣಗಿದರು. ಬೀಸಿಸಿಕೊಂಡು ಬಂದದ್ದನ್ನೆಲ್ಲ ರೊಟ್ಟಿ ಮಾಡಿ ಅವರಿಗೇ ತಿನ್ನಿಸಿದೆ.

ಮೂರು ತಿಂಗಳಾಗುವ ಹೊತ್ತಿಗೆ ಸಣ್ಣತಾಯಮ್ಮ ಮೂಟೆ ಎತ್ತುವುದನ್ನು ನಿಲ್ಲಿಸಿದ್ದಳು. ಗದ್ದ ಎದೆಗೆ ತಾಗುವಷ್ಟು ಕತ್ತು ಬಗ್ಗಿತ್ತು. ಒಂದು ಬೆಳಿಗ್ಗೆ ಕಾಳು ಸುರಿಯುತ್ತಿದ್ದವಳು ಹಾಗೇ ಕುಸಿದಳು. ನಾನೇ ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ಅವಳ ಎದೆ ನೋಡಿ, ಕತ್ತು ನೋಡಿ, ನನ್ನನ್ನು ಹೊರಗೆ ಕರೆದು, “ಈ ಭಾರ ಇಳಿದರೆ ಉಳಿತಾರೆ. ಇಲ್ಲಾಂದ್ರೆ ಒಂದು ವಾರವೂ ನಾನು ಹೇಳಲಾರೆ. ನೀವು ಹತ್ತಿರದವರಲ್ಲವಾ, ಸ್ವಲ್ಪ ಸಮಾಧಾನ ಹೇಳಿ,” ಅಂದರು.

ಹೆಂಗಸರ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದವರು ಶಾಲೆಯ ಆಯಾ ಅನಸೂಯಮ್ಮ. ಮೂರು ವರ್ಷದ ಹಿಂದೆ ಭಜನೆಯ ಸಪ್ತಾಹದಲ್ಲಿ ಅವರ ಸರ ಹೋಗಿತ್ತು. ಹನ್ನೊಂದನೆಯ ಭೇಟಿಯಲ್ಲಿ ಬಿಟ್ಟಿದ್ದರು. ನನ್ನನ್ನು ಕಂಡವರೇ ಎದ್ದು ಕೂರಲು ನೋಡಿದರು. “ಸಣ್ಣತಾಯಿ, ನಿನಗೆ ವನಜಾ ಸಿಕ್ಕಿದ್ದಾಳೆ ಅಂದ್ರೆ ಭಯ ಬಿಡು. ನಾನು ಹುಚ್ಚಿ ಆಗೋಗ್ತಿದ್ದೆ, ಇವಳೇ ನನ್ನ ಉಳಿಸಿದ್ದು. ಒಡಹುಟ್ಟಿದೋಳು ಮಾಡಲ್ಲ ಅಷ್ಟು.” ನಾನು ಬಗ್ಗಿ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದೆ. ಅದು ಬಿಗಿಯಾಗಿಯೇ ಇತ್ತು.

ಮೂರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಸಣ್ಣತಾಯಮ್ಮ ನನ್ನ ಕೈ ಹಿಡಿದುಕೊಂಡಳು. ಕೈಯಲ್ಲಿ ಬಲವೇ ಇರಲಿಲ್ಲ.

“ವನಜಾ, ಸಾಕಾಯ್ತು ಕಣೆ. ಬಿಟ್ಬಿಡ್ತೀನಿ. ಡಾಕ್ಟ್ರೂ ಹಂಗೇ ಅಂದ್ರು. ನೀನೂ ಎಷ್ಟು ದಿನದಿಂದ ಹೇಳ್ತಾ ಇದ್ದೀಯ.”

ಕಣ್ಣು ಮುಚ್ಚಿದಳು. ನಿಟ್ಟುಸಿರು ಶುರುವಾಯಿತು. ಗದ್ದ ಎದೆಯಿಂದ ಒಂದು ಬೆರಳಿನಷ್ಟು ಮೇಲೆದ್ದದ್ದನ್ನು ನಾನು ಕಂಡೆ. ಎಷ್ಟೋ ಮನೆಗಳಲ್ಲಿ ಈ ಗಳಿಗೆಗಾಗಿ ಕಾದು ಕೂತವಳು ನಾನು. ಡಾಕ್ಟರು ಕೇಳಿದ್ದೂ ಇದನ್ನೇ, ನನ್ನ ಗಂಡನಿಗೆ ಬೇಕಾದದ್ದೂ ಇದೇ. ಸುಮ್ಮನೆ ಕೂತಿದ್ದರೆ ಎಲ್ಲರ ಪಾಲಿಗೂ ಒಳ್ಳೆಯದಾಗುತ್ತಿತ್ತು. ಆದರೆ ಅವಳ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಮತ್ತು ತುಟಿ ಮಗಳ ಹೆಸರು ಹೇಳುತ್ತಿತ್ತು, ಬಸ್ಸು ಹತ್ತಿಸಿ ಕಳಿಸುವಾಗ ಹೇಳುವ ಹಾಗೆ.

“ಬಿಡಬೇಡಿ ಅಕ್ಕ,” ಎಂದು ಅವಳ ಕಿವಿಯ ಹತ್ತಿರ ಬಗ್ಗಿ ಅಂದೆ. “ಸರ ನಮ್ಮನೇಲಿ ಐತೆ. ನಮ್ಮ ಯಜಮಾನರೇ ತಂದಿದ್ದು. ಬಿಡಬೇಡಿ, ನಾಳೆ ತರ್ತೀನಿ.”

ಸಣ್ಣತಾಯಮ್ಮ ಕಣ್ಣು ತೆರೆದಳು. ಗದ್ದ ಮತ್ತೆ ಎದೆಗೆ ಬಂತು. ಬೈಯುತ್ತಾಳೆ, ಕೂಗುತ್ತಾಳೆ ಎಂದುಕೊಂಡೆ.

“ಗೊತ್ತು,” ಅಂದಳು.

ನಾನು ಕೈ ಹಿಂದಕ್ಕೆಳೆದುಕೊಂಡೆ.

“ನನ್ನ ನೋಡೋಕೆ ಬಂದೋರೆಲ್ಲ ಮೊದ್ಲು ಕೇಳಿದ್ದೇನು? ಎಂಥಾ ಸರ, ಎಷ್ಟೆಳೆ, ಪದಕ ಇತ್ತಾ ಅಂತ. ನೀನೊಬ್ಬಳೇ ಕೇಳ್ಲಿಲ್ಲ. ಮನೇಲಿ ನೋಡ್ಕೊಂಡು ಬಂದಿರೋಳು ಯಾಕೆ ಕೇಳ್ತೀಯ?”

ಇದು ನನ್ನ ಅತ್ತೆಗೂ ಹೊಳೆಯದ ತಪ್ಪು. ಇಷ್ಟು ವರ್ಷ ಇಷ್ಟು ಮನೆಗಳಲ್ಲಿ ಈ ತಪ್ಪನ್ನು ಮಾಡಿಕೊಂಡೇ ಬಂದಿದ್ದೆ. “ಗೊತ್ತಿದ್ದೂ ಒಳಗೆ ಯಾಕೆ ಕರೀತಿದ್ರಿ ಅಕ್ಕ?” ಅಂದೆ.

“ಕಲಾ ವಿಷಯ ಎರಡನೇ ಸಲ ತೆಗೆದ್ರೆ ಎಲ್ಲಾರಿಗೂ ಮನೆಕೆಲಸ ನೆನಪಾಗ್ತಿತ್ತು. ನೀನು ಹತ್ತು ಸಲನೂ ನಕ್ಕೆ.” ಉಸಿರು ತೆಗೆದುಕೊಂಡಳು. “ಕದ್ದೋಳು ಅಂತ ಅಟ್ಟಿದ್ರೆ ನಂಗ್ಯಾರಿದ್ರು?”

ಮನೆಗೆ ಬಂದಾಗ ಯಜಮಾನರು ಒಳಕೋಣೆಯಲ್ಲಿ ತಟ್ಟೆಯ ಎದುರು ನಿಂತಿದ್ದರು. “ಅರ್ಧ ಇಳಿದಿತ್ತು ಕಣೆ,” ಎಂದರು, “ದಾರ ಬಿಗೀತು, ಇನ್ನೇನು ಬಿತ್ತು ಅನ್ನೋ ಅಷ್ಟರಲ್ಲಿ ಮತ್ತೆ ಮೇಲೆ ಹೋಯ್ತು. ಏನಾಯ್ತು?”

“ನಾನೇ ತಡೆದೆ.”

ಅವರು ಕೂತುಬಿಟ್ಟರು. ನಮ್ಮೂರಿನಲ್ಲಿ ಕದ್ದದ್ದನ್ನು ಹಿಂದಿರುಗಿಸಲು ಒಂದೇ ಕ್ರಮವಿದೆ. ಕದ್ದವನೇ ಬರಬೇಕು, ಹಗಲಿನಲ್ಲಿ, ಜನರ ಎದುರು, ತನ್ನ ಕೈಯಾರೆ ಕೊರಳಿಗೆ ಹಾಕಬೇಕು. ಹಾಗೆ ಹಾಕಿದವನನ್ನು ಪೊಲೀಸರು ಮುಟ್ಟುವುದಿಲ್ಲ. ಆದರೆ ಅವತ್ತಿನಿಂದ ಯಾವ ಜಾತ್ರೆ, ಯಾವ ಸಂತೆ, ಯಾವ ಸಾಲಿನಲ್ಲಿ ನಿಂತರೂ ಊರಿನವರು ಅವನಿಂದ ಒಂದು ಮಾರು ದೂರ ನಿಲ್ಲುತ್ತಾರೆ. ಅವನ ಹೆಂಡತಿಯಿಂದಲೂ. ಯಜಮಾನರಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

“ತಾನಾಗೇ ಬಿಡ್ತಿತ್ತಲ್ಲೇ ಆಯಮ್ಮ,” ಎಂದರು. “ಆಯಮ್ಮನೂ ಉಳೀತಿತ್ತು, ನಾವೂ ಉಳೀತಿದ್ವಿ. ಯಾಕೆ ತಡೆದೆ?”

ಅದಕ್ಕೆ ಕಲಾಳ ವಿಷಯ ಹೇಳಿದೆ. ಕತ್ತಿಗೆ ಜೋತು ಬೀಳುತ್ತಿದ್ದದ್ದು, ಖಾರದ ರೊಟ್ಟಿ, ಕಾಮಾಲೆಯ ಹದಿನೈದು ದಿನ, ಕೊನೆಯಲ್ಲಿ ಸರ ಬಿಗಿಯಾಗುತ್ತಿದೆ ಎಂದು ಅವಳೇ ತೆಗೆದು ಅಮ್ಮನ ಕೈಗೆ ಕೊಟ್ಟದ್ದು. ಕದ್ದ ಒಡವೆಯ ಹಿಂದಿನ ಕಥೆಯನ್ನು ನಾವು ಮನೆಯಲ್ಲಿ ಮಾತಾಡುತ್ತಿರಲಿಲ್ಲ. ಅವರು ಕಿವಿಯಲ್ಲಿ ಕೇಳುತ್ತಿದ್ದದ್ದು ಇದೇ ಮೊದಲು. ಮಧ್ಯೆ ಒಂದು ಸಲ ಎದ್ದು ನೀರು ಕುಡಿದು ಬಂದು ಕೂತರು. ಮುಗಿದ ಮೇಲೆ ಮೊಳೆಯ ಕಡೆ ನೋಡಿ, “ನನ್ನ ಬಿಳೀ ಅಂಗಿ ಇಸ್ತ್ರಿ ಆಗೈತಾ?” ಎಂದು ಕೇಳಿದರು.

ಮಾರನೆಯ ದಿನ ನಾಲ್ಕು ಗಂಟೆಗೆ ಇಬ್ಬರೂ ಹೋದೆವು. ಅವರು ಸರವನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ವಾರ್ಡಿನಲ್ಲಿ ನಾಲ್ಕು ಫ್ಯಾನ್‌ಗಳು ತಿರುಗುತ್ತಿದ್ದವು, ರೋಗಿಗಳೂ ನೋಡಲು ಬಂದವರೂ ಸೇರಿ ಇಪ್ಪತ್ತು ಜನರಾದರೂ ಇದ್ದರು. ನಾನು ನರ್ಸಿಗೆ, “ಅಮ್ಮಾ, ಫ್ಯಾನ್ ಆರಿಸ್ತೀರಾ?” ಅಂದೆ. ನಮ್ಮೂರಿನಲ್ಲಿ ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಫ್ಯಾನುಗಳು ನಿಲ್ಲುವುದರೊಳಗೆ ಮಾತೂ ನಿಂತಿತು. ಬಳೆಗಳನ್ನು ಸೆರಗಿನೊಳಗೆ ಎಳೆದುಕೊಳ್ಳುವ ಸದ್ದು ಕೇಳಿಸಿತು.

ಯಜಮಾನರು ಮಂಚದ ಹಿಂದೆ ಹೋಗಿ ನಿಂತರು, ಅಭ್ಯಾಸ. ಸಣ್ಣತಾಯಮ್ಮ, “ಮುಂದೆ ಬಾರಪ್ಪ, ಮೊಕ ನೋಡಾಣ,” ಅಂದಳು. ಬಂದರು. ತಲೆ ತಗ್ಗಿಸಿಕೊಂಡೇ ನಿಂತರು. ಅವಳು ಅವರನ್ನು ಮೇಲಿನಿಂದ ಕೆಳಗೆ ನೋಡಿ, ಕೂದಲನ್ನು ಒಂದು ಪಕ್ಕಕ್ಕೆ ಎಳೆದುಕೊಂಡು ಕತ್ತು ಕೊಟ್ಟಳು.

ಸರ ಹಾಕಿದರು, ಆದರೆ ಕೊಂಡಿ ಕೂರಲಿಲ್ಲ. ಒಂದು ಸಲ ಜಾರಿತು, ಇನ್ನೊಂದು ಸಲ ಅವಳ ಕೂದಲು ಸಿಕ್ಕಿಕೊಂಡಿತು. ಬೆವರು ಕಾಲರಿನವರೆಗೆ ಇಳಿಯಿತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೆಲಸ ಮುಗಿಸುತ್ತಿದ್ದ ಬೆರಳುಗಳು ಅವು.

“ಬಿಚ್ಚಿ ಗೊತ್ತು ಕಣವ್ವ,” ಎಂದರು. “ಹಾಕಿ ಗೊತ್ತಿಲ್ಲ.”

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ನಾನು ಅವರ ಬೆರಳಿನ ಮೇಲೆ ನನ್ನ ಬೆರಳಿಟ್ಟು ಕೊಂಡಿ ತೋರಿಸಿದೆ, ಆದರೆ ಕೂರಿಸಿದ್ದು ಅವರೇ. ಅದು ಕೂತ ಕೂಡಲೇ ಗಾಳಿಯಲ್ಲಿ ಆಡುತ್ತಿದ್ದ ಎರಡೆಳೆಯೂ ಪದಕವೂ ಸಣ್ಣತಾಯಮ್ಮನ ಎದೆಯ ಮೇಲೆ ಇಳಿದು ಕೂತವು. ಅವಳು ಒಂದು ಗಳಿಗೆ ಹಾಗೇ ಇದ್ದು, ಎರಡೂ ಕೈ ಹಿಂದಕ್ಕೆ ಹಾಕಿ ಸರವನ್ನು ತಾನೇ ಬಿಚ್ಚಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಕತ್ತು ನೆಟ್ಟಗಾಯಿತು. ಸರವನ್ನು ಮುಷ್ಟಿಯಲ್ಲಿಟ್ಟು, ಮುಷ್ಟಿಯನ್ನು ಎದೆಗಿಟ್ಟುಕೊಂಡು ದಿಂಬಿಗೆ ಒರಗಿದಳು.

“ಈಗ ಬೇಕಾದಾಗ ಹಾಕ್ಕೋತೀನಿ, ಬೇಕಾದಾಗ ತೆಗೀತೀನಿ,” ಅಂದಳು. ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತು. ನರ್ಸು ಬಂದು ನಾಡಿ ನೋಡಿ ತಲೆಯಾಡಿಸಿ ಹೋದರು.

ಯಜಮಾನರು ಹೊರಗೆ ಹೊರಟರು. ಬಾಗಿಲಲ್ಲಿ ನಿಂತಿದ್ದವರು ಎರಡು ಕಡೆಗೂ ಸರಿದು ದೊಡ್ಡ ದಾರಿ ಮಾಡಿಕೊಟ್ಟರು. ಅವರ ಬಿಳಿ ಅಂಗಿ ವರಾಂಡದ ಕೊನೆಯವರೆಗೆ ಒಂಟಿಯಾಗಿ ಹೋಯಿತು. ನಾನೂ ಹೊರಟೆ. ಆಗ ಪಕ್ಕದ ಮಂಚದಿಂದ, “ವನಜಾ,” ಎಂದು ಕೇಳಿಸಿತು.

ಅನಸೂಯಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ಅವರ ಸರ ಕರಗಿ, ಯಾರದೋ ಬಳೆಯಾಗಿ ಮೂರು ವರ್ಷವಾಗಿತ್ತು. ಅವರ ಕೊರಳಿಗೆ ಹಾಕಲು ನನ್ನ ಹತ್ತಿರ ಏನೂ ಇರಲಿಲ್ಲ.

“ಅವತ್ತು ನನ್ನ ಜೊತೆ ಕೂತು ಅತ್ತೆಯಲ್ಲ,” ಅಂದರು. “ಅದು ನಿಂದೋ, ಕೆಲಸದ್ದೋ?”

ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂದಿತ್ತು. “ಮೊದ್ಲು ಕೆಲಸದ್ದು ಅಕ್ಕ,” ಅಂದೆ. “ಆಮೇಲೆ ಯಾವ್ದು ಯಾವ್ದು ಅಂತ ನಂಗೇ ಗೊತ್ತಾಗ್ಲಿಲ್ಲ.”

ನಾನು ಹೋಗಲೂ ಆರದೆ ಕೂರಲೂ ಆರದೆ ಮಂಚದ ಕಂಬಿ ಹಿಡಿದು ನಿಂತೆ. ಯಾರೋ ಫ್ಯಾನ್ ಹಾಕಿದರು. ನೋಡಲು ಬಂದವರು ಹೊರಡಬೇಕೆಂದು ಗಂಟೆ ಹೊಡೆಯಿತು, ವಾರ್ಡು ಒಬ್ಬೊಬ್ಬರಾಗಿ ಖಾಲಿಯಾಯಿತು, ನನ್ನ ಹತ್ತಿರ ಬಂದಾಗ ಎಲ್ಲರೂ ಸುತ್ತು ಹಾಕಿಕೊಂಡು ಹೋದರು.

“ನನ್ನೂ ಕೇಳ್ಲಿಲ್ಲ ನೀನು,” ಎಂದರು ಅನಸೂಯಮ್ಮ ಕೊನೆಗೆ, ಗೋಡೆಗೇ ಹೇಳುವವರಂತೆ. “ಎಂಥಾ ಸರ ಅಂತ.”

“ಇಲ್ಲ ಅಕ್ಕ.”

“ಹನ್ನೊಂದು ಸಲ ಬಂದೆ. ಒಂದು ಸಲನೂ ಕೇಳ್ಲಿಲ್ಲ.”

“ಇಲ್ಲ.”

ಅವರು ಕಷ್ಟಪಟ್ಟು ಈ ಕಡೆ ಹೊರಳಿದರು. ಕಣ್ಣು ಕೆಂಪಗಾಗಿತ್ತು. “ಈಗ ಕೇಳು,” ಅಂದರು.

ಅದು ಎಂಥದ್ದೆಂದು ನನಗೆ ಗೊತ್ತಿತ್ತು. ಮೋಹನಮಾಲೆ, ಒಂದು ಕಡೆ ಎರಡು ಗುಂಡು ನೆಗ್ಗಿದ್ದವು, ಮೂರು ವಾರ ನಮ್ಮ ಒಳಕೋಣೆಯಲ್ಲಿ ದಿನಾ ನೋಡಿದ್ದೆ. ಅವು ಹೇಗೆ ನೆಗ್ಗಿದವು ಎಂದು ಮಾತ್ರ ಗೊತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತೆ.

“ಎಂಥಾ ಸರ ಅಕ್ಕ ಅದು?” ಎಂದು ಕೇಳಿದೆ.